ಅಮಾವಾಸ್ಯೆಯ ಹಾಸು

ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಕಳಕವ್ವನನ್ನು ಕಂಡರೆ ಆಗುವವರು ಯಾರೂ ಇರಲಿಲ್ಲ. ಕಳಕವ್ವನಿಗೂ ಓಣಿಯವರನ್ನು ಕಂಡರೆ ಆಗುತ್ತಿರಲಿಲ್ಲ. ಎತ್ತರದ ಹೆಂಗಸು, ಬಡಕಲು ಮೈ, ಉದ್ದನೆಯ ಬೆರಳುಗಳು. ತುಂಡಾದ ಎಳೆಗೆ ಗಂಟು ಹಾಕಿ ಉಳಿದ ತುದಿಯನ್ನು ಹಲ್ಲಿನಿಂದ ಹರಿಯುವ ಹಾಗೆ, ಎದುರಿಗಿದ್ದವರ ಮಾತನ್ನೂ ಅರ್ಧಕ್ಕೇ ಹರಿದುಬಿಡುತ್ತಿದ್ದಳು. ಬೆಳಗಾಗೆದ್ದು ಯಾರಾದರೂ “ಏನವಾ ಕಳಕವ್ವ, ಚಾ ಆತೇನು?” ಎಂದು ಕೇಳಿದರೆ, “ಆಗದಿದ್ರ ನೀ ಮಾಡಿಕೊಡಾಕಿ ಏನು?” ಎಂದು ಒಳಗೆ ಹೋಗುತ್ತಿದ್ದಳು.

ಹನ್ನೆರಡು ವರ್ಷದವಳಿದ್ದಾಗ ಆ ಓಣಿಗೆ ಸೊಸೆಯಾಗಿ ಬಂದಳು. ಗಂಡ ಹನುಮಂತಪ್ಪ ಮೆತ್ತಗಿನ ಮನುಷ್ಯ. ಲಾಳಿ ಎಸೆಯುವಾಗಲೂ ಯಾರಿಗೋ ಪೆಟ್ಟಾದೀತು ಎಂಬಂತೆ ಎಸೆಯುತ್ತಿದ್ದ. ಸ್ವಾತಂತ್ರ್ಯ ಬರುವುದಕ್ಕೆ ಒಂದು ವರ್ಷ ಮೊದಲು ವಿಷಮಜ್ವರ ಬಂದು ಒಂಬತ್ತು ದಿನಕ್ಕೆ ತೀರಿಕೊಂಡ. ಮಕ್ಕಳಿರಲಿಲ್ಲ. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಇತ್ತು.

ಆ ಓಣಿಯಲ್ಲಿ ಒಂದು ರೂಢಿ. ನೇಕಾರ ಸತ್ತರೆ ಅವನ ಮಗ್ಗದ ಮೇಲೆ ಉಳಿದ ಹಾಸನ್ನು, ಅಂದರೆ ಉದ್ದನೆಯ ಎಳೆಗಳನ್ನು, ಕತ್ತರಿಸಿ ಹೆಣ ಹೊರಡುವ ದಾರಿಗೆ ಚಾಚುತ್ತಿದ್ದರು. ಆ ನೂಲನ್ನು ಮತ್ತೆ ಯಾರೂ ನೇಯುತ್ತಿರಲಿಲ್ಲ. ಹನುಮಂತಪ್ಪನ ಅಣ್ಣ ಮುದಿಯಪ್ಪ ಓಣಿಯ ಹಿರಿಯ. ಅವನೇ ಕುಡುಗೋಲು ಹಿಡಿದು ಬಂದ. ಕಳಕವ್ವ ಮಗ್ಗದ ಕುಣಿಗೆ ಇಳಿದು ಕುಳಿತಳು.

“ಏಳವಾ, ಹೆಣ ತಡಾ ಆಗತೈತಿ,” ಅಂದ ಮುದಿಯಪ್ಪ.

“ನೂಲು ಸತ್ತಿಲ್ಲ ಬಾವಾರ. ಅದನ್ಯಾಕ ಕೊಯ್ತೀರಿ?”

ಹೆಣ ನೂಲಿಲ್ಲದೆ ಹೋಯಿತು. ತಿಂಗಳು ಕಳೆದ ಮೇಲೆ ಆಕೆ ಆ ಸೀರೆಯನ್ನು ತಾನೇ ನೇಯ್ದು ಮುಗಿಸಿದಳು. ಹೆಂಗಸರು ಲಾಳಿಯ ಕಂಡಿಕೆಗೆ ನೂಲು ಸುತ್ತಬೇಕು, ಗಂಡಸರು ಮಗ್ಗಕ್ಕೆ ಇಳಿಯಬೇಕು ಎಂಬ ಓಣಿಯ ಇನ್ನೊಂದು ರೂಢಿಯೂ ಅದೇ ಹೊತ್ತಿಗೆ ಮುರಿಯಿತು. ಮುದಿಯಪ್ಪ ಮನೆಯ ನಡುವೆ ಗೋಡೆ ಎತ್ತಿಸಿದ. ಅಲ್ಲಿಂದ ಆಚೆ ಗೋಡೆಯ ಈ ಬದಿಯಲ್ಲಿ ಒಂದು ಮಗ್ಗ, ಆ ಬದಿಯಲ್ಲಿ ಎರಡು. ಮೂರೂ ಒಟ್ಟಿಗೆ ಸದ್ದು ಮಾಡುತ್ತಿದ್ದವು. ಮಾತು ಮಾತ್ರ ಇರಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ದ್ವೇಷಕ್ಕೆ ರಜೆ ಇರುತ್ತಿತ್ತು. ಹೊಸ ಹಾಸಿನ ಎಳೆಗಳಿಗೆ ಗಂಜಿ ಹಚ್ಚುವುದು ಒಬ್ಬರಿಂದ ಆಗುವ ಕೆಲಸವಲ್ಲ. ನಾಲ್ಕು ಸೀರೆಗಾಗುವಷ್ಟು ಉದ್ದದ ಎಳೆಗಳನ್ನು ಓಣಿಯ ಉದ್ದಕ್ಕೆ ಬಿಗಿದು ನಿಲ್ಲಿಸಬೇಕು. ಎರಡು ತುದಿಗೆ ಇಬ್ಬರು, ನಡುವೆ ಕವೆಗೋಲು ಹಿಡಿದು ನಾಲ್ವರು, ಕುಂಚದಿಂದ ಗಂಜಿ ತಿಕ್ಕುತ್ತ ಇಬ್ಬರು. ಹೊತ್ತು ಮೂಡುವ ಮುಂಚೆ ಶುರುಮಾಡಿ, ಗುಡ್ಡದ ಕಡೆಯ ಗಾಳಿ ಏಳುವುದರೊಳಗೆ ಮುಗಿಸಬೇಕು. ಇವತ್ತು ಅವರ ಹಾಸಿನ ಕೆಲಸಕ್ಕೆ ನಮ್ಮ ಕೈ, ನಾಳೆ ನಮ್ಮ ಹಾಸಿನ ಕೆಲಸಕ್ಕೆ ಅವರ ಕೈ. ಇದಕ್ಕೆ ಮುಯ್ಯಿ ಎನ್ನುತ್ತಿದ್ದರು. ಮುದಿಯಪ್ಪನ ಹಾಸಿನ ಕೆಲಸಕ್ಕೆ ಕಳಕವ್ವ ಹೋಗುತ್ತಿದ್ದಳು. ಕಳಕವ್ವನ ಹಾಸಿನ ಕೆಲಸಕ್ಕೆ ಮುದಿಯಪ್ಪ ಬರುತ್ತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಕೋಲು ಹಿಡಿದು ನಿಲ್ಲುತ್ತಿದ್ದರು.

ವಯಸ್ಕರ ಶಾಲೆ ಆ ಊರಿಗೆ ಬಂದದ್ದು ೧೯೫೪ರಲ್ಲಿ. ಚಾವಡಿಯಲ್ಲಿ ಸಂಜೆ ಹೊತ್ತು ಅಕ್ಷರ ಕಲಿಸುತ್ತಾರೆ, ಹೆಂಗಸರೂ ಬರಬಹುದು ಎಂದು ಡಂಗುರ ಸಾರಿದಾಗ ಮುದಿಯಪ್ಪ ಓಣಿಗೆಲ್ಲ ಕೇಳುವಂತೆ ನಕ್ಕ.

“ನಮ್ಮ ಓಣಿ ಹೆಂಗಸರು ಪಾಟಿ ಹಿಡಿಯೂದ? ಹಿಡಿದ್ರ ನನ್ನ ಮೀಸಿ ಬೋಳಿಸ್ತೀನಿ.”

ಕಳಕವ್ವ ಅದೇ ಸಂಜೆ ಹೋದಳು. ಕಲಿಯುವ ಆಸೆಯಿಂದಲ್ಲ, ಸಿಟ್ಟಿನಿಂದ ಹೋದಳು. ಸಿಟ್ಟಿನಿಂದಲೇ ಅ ಆ ಬರೆದಳು, ಸಿಟ್ಟಿನಿಂದಲೇ ಒತ್ತಕ್ಷರ ಕಲಿತಳು. ಆರು ತಿಂಗಳ ಮೇಲೆ ಒಂದು ಮುಂಜಾನೆ ತನ್ನ ಬಾಗಿಲ ಮುಂದೆ ಸುಣ್ಣದಿಂದ ದೊಡ್ಡ ಅಕ್ಷರಗಳಲ್ಲಿ “ಮೀಸೆ” ಎಂದು ಬರೆದಿಟ್ಟಳು. ಮುದಿಯಪ್ಪನಿಗೆ ಓದಲು ಬರುತ್ತಿರಲಿಲ್ಲ. ಏನು ಬರೆದಿದೆ ಎಂದು ಬೇರೆಯವರನ್ನು ಕೇಳಬೇಕಾಯಿತು. ಹೇಳಿದವನು ನಗು ತಡೆಯಲಾಗದೆ ಕೆಮ್ಮಿದ.

ರೋಣದಿಂದ ತಿಂಗಳಿಗೊಮ್ಮೆ ಬಸ್ಸಿನ ಮೇಲೆ ಒಂದು ಪುಸ್ತಕದ ಪೆಟ್ಟಿಗೆ ಬರುತ್ತಿತ್ತು. ಅದರ ಜೊತೆ ತಾಲ್ಲೂಕಿನ ಸಂಘಟಕ ಅಬ್ದುಲಮಜೀದರು ಬರುತ್ತಿದ್ದರು. ತೆಳ್ಳಗೆ, ಗಿಡ್ಡಗೆ, ಬಿಸಿಲಿಗೂ ಮಳೆಗೂ ಒಂದೇ ಕೊಡೆ ಹಿಡಿದ ಮನುಷ್ಯ. ಪೆಟ್ಟಿಗೆಯಲ್ಲಿ ರಾಜರ ಕಥೆ, ಗಿಡಮರಗಳ ಪುಸ್ತಕ, ಕಲ್ಲು ಮಣ್ಣು ಹೇಗೆ ಹುಟ್ಟಿದವು ಎಂದು ಹೇಳುವ ತೆಳ್ಳನೆಯ ಹೊತ್ತಗೆಗಳು ಇರುತ್ತಿದ್ದವು. ಕಳಕವ್ವ ಮೊದಲು ಬೆರಳಿಟ್ಟು ಓದಿದಳು, ಆಮೇಲೆ ಬೆರಳಿಲ್ಲದೆ ಓದಿದಳು. ಮಗ್ಗದ ಕುಣಿಯ ಅಂಚಿಗೆ ಪುಸ್ತಕ ತೆರೆದಿಟ್ಟು, ಒಂದು ಸಾಲು ಓದಿ ನಾಲ್ಕು ಲಾಳಿ ಎಸೆದು, ಮತ್ತೊಂದು ಸಾಲು ಓದುತ್ತಿದ್ದಳು. ಯಾವ ಸಿಟ್ಟಿನಿಂದ ಕಲಿತಿದ್ದಳೋ ಆ ಸಿಟ್ಟು ಓದುವಾಗ ಎಲ್ಲಿ ಹೋಗುತ್ತಿತ್ತೋ ಅವಳಿಗೂ ತಿಳಿಯಲಿಲ್ಲ. ಮೂರನೆಯ ವರ್ಷ ಹಳೆಯ ಮಾಸ್ತರರಿಗೆ ವರ್ಗವಾದಾಗ ಮಜೀದರು ಚಾವಡಿಯ ಶಾಲೆಯನ್ನು ಆಕೆಯ ಕೈಗೇ ಕೊಟ್ಟರು.

ಮುಂಬೈ ಸರಕಾರ ಹೋಗಿ ಮೈಸೂರು ಸರಕಾರ ಬಂದು ವರ್ಷ ಕಳೆದಿತ್ತು. ನರಗುಂದದ ಬಂಡಾಯಕ್ಕೆ ನೂರು ವರ್ಷ ತುಂಬಲಿತ್ತು. ಮಕ್ಕಳಿಗೂ ದೊಡ್ಡವರಿಗೂ ಕೂಡಿಸಿ ಒಂದು ಇತಿಹಾಸದ ಪಾಠ, ಒಂದು ನಿಸರ್ಗದ ಪಾಠ ಮಾಡಬೇಕೆಂದು ಮಜೀದರು ಹೇಳಿ ಹೋದರು. ಕಳಕವ್ವ ಚಾವಡಿಯಲ್ಲಿ ಕೇಳಿದಳು: “ನೂರು ವರ್ಷ ಅಂದ್ರ ಎಷ್ಟು?”

“ಭಾಳ,” ಅಂದ ಹಾಲಸಿದ್ದಪ್ಪ. ಅಸೂಟಿಯಿಂದ ಬಂದು ಗುಡ್ಡದ ಕೆಳಗೆ ಹೆಂಡತಿಯ ತವರಿನ ಹೊಲ ಉಳುತ್ತಿದ್ದ ಕುರುಬರವನು. ಕುರಿ ಕಡಿಮೆಯಾಗಿದ್ದವು, ಕುರಿಗಾರನ ಮಾತು ಕಡಿಮೆಯಾಗಿರಲಿಲ್ಲ.

“ಸಾವಿರ ವರ್ಷ?”

“ಅದೂ ಭಾಳ.”

“ರೋಣದ ಗುಡಿ ಮೊದಲೋ, ನಮ್ಮ ಗಡ ಮೊದಲೋ?”

“ಎರಡೂ ಹಿಂದಕಿನೂವ. ರಾಮ ಕಟ್ಟಿಸಿರಬೇಕು.”

ಅವನ ಹೆಂಡತಿ ಮಾಯವ್ವ ಗಂಡನ ಬೆನ್ನಿಗೆ ತಿವಿದಳು. “ರಾಮಗೇನು ಬ್ಯಾರೆ ಕೆಲಸ ಇದ್ದಿದ್ದಿಲ್ಲ? ಗುಡಿ ಕಟ್ಟೂ ಗೌಂಡಿ ಆಗಿದ್ನೇನು?”

ಎಲ್ಲರೂ ನಕ್ಕರು. ಕಳಕವ್ವ ನಗಲಿಲ್ಲ. ಇವರಿಗೆ ಹಿಂದಿನ ಕಾಲವೆಲ್ಲ ಗಂಟು ಬಿದ್ದ ನೂಲಿನ ಉಂಡೆ. ತುದಿ ಸಿಕ್ಕರೆ ಬಿಡಿಸಬಹುದು. ಮಗ್ಗದ ಕೆಳಗೆ ವರ್ಷಗಟ್ಟಲೆ ಕೂಡಿಬಿದ್ದ ತುಂಡು ನೂಲುಗಳನ್ನು ಆಕೆ ಗಂಟು ಹಾಕುತ್ತ ಕುಳಿತಳು. ಕೆಂಪು, ಕಪ್ಪು, ಹಳದಿ, ಸಿಕ್ಕಿದ್ದೆಲ್ಲ. ಒಂದು ಮೊಳಕ್ಕೆ ಹತ್ತು ವರ್ಷ. ಓಣಿ ನೂರಾ ಹತ್ತು ಮೊಳ ಇತ್ತು. ಸಾವಿರ ವರ್ಷ ಹಾಸಿದರೂ ಜಾಗ ಉಳಿಯುತ್ತಿತ್ತು.

ಆದರೆ ಓಣಿ ಬಿಡುವಾಗಿರುವುದು ಅಮಾವಾಸ್ಯೆಗೆ ಮಾತ್ರ. ಆ ದಿನ ನೇಕಾರರು ಮಗ್ಗ ಮುಟ್ಟುವುದಿಲ್ಲ, ಹಾಸು ಹಾಕುವುದಿಲ್ಲ. ಕಳಕವ್ವ ಅದನ್ನೂ ಯೋಚಿಸಿದ್ದಳು. ಇದು ಕಸದ ನೂಲು, ನೇಯುವ ನೂಲಲ್ಲ. ನೇಯುವುದಲ್ಲವಾದ ಮೇಲೆ ಇದು ಹಾಸಲ್ಲ. ಹಾಸಲ್ಲವಾದ ಮೇಲೆ ಅಮಾವಾಸ್ಯೆಯ ಕಟ್ಟು ಇದಕ್ಕೆ ತಾಗುವುದಿಲ್ಲ. ನೇಕಾರರ ಮನೆಯ ತಲೆಗೆ ಮಾತ್ರ ಹೊಳೆಯುವ ತರ್ಕ ಅದು. ಎಡವಿದ್ದೂ ಅಲ್ಲಿಯೇ.

ಮಾಘದ ಅಮಾವಾಸ್ಯೆ ಬೆಳಗ್ಗೆ ಕನ್ನಡ ಶಾಲೆಯ ಮಕ್ಕಳು ಮೂವತ್ತು ಜನ, ಚಾವಡಿಯವರು ಹದಿನೈದು ಜನ ಓಣಿಗೆ ಬಂದರು. ನೂಲು ಓಣಿಯ ಈ ತುದಿಯಿಂದ ಆ ತುದಿಗೆ ಗೂಟದಿಂದ ಗೂಟಕ್ಕೆ ಬಿಗಿದು ನಿಂತಿತ್ತು. ಅಲ್ಲಲ್ಲಿ ಕಾಗದದ ಚೀಟಿಗಳು.

“ಈ ತುದಿ ಇವತ್ತು,” ಅಂದಳು ಕಳಕವ್ವ. “ನೀವು ಹುಟ್ಟಿದ ಜಾಗಾಕ ಹೋಗಿ ನಿಲ್ರಿ.”

ಮೂವತ್ತೂ ಮಕ್ಕಳು ಒಂದೇ ಮೊಳದೊಳಗೆ ನಿಲ್ಲಲು ಹೋಗಿ ನೂಕಾಡಿದರು. ಹಾಲಸಿದ್ದಪ್ಪ ನಾಲ್ಕು ಮೊಳದ ಹತ್ತಿರ ಒಬ್ಬನೇ ನಿಂತು, ಮಕ್ಕಳ ಗುಂಪನ್ನು ನೋಡಿ, “ಅಲ್ಲೇ ಛಲೋ ಇತ್ತು,” ಅಂದ. ಹತ್ತು ಮೊಳಕ್ಕೆ ನರಗುಂದದ ಬಂಡಾಯ. ಹದಿನೇಳು ಮೊಳಕ್ಕೆ, ಮರಾಠರೂ ಟಿಪ್ಪುವೂ ಈ ಊರ ಹೆಸರಿನಲ್ಲಿ ಮಾಡಿಕೊಂಡ ಒಪ್ಪಂದ. ಆಮೇಲೆ ಚೀಟಿಗಳು ವಿರಳವಾದವು. ನಡೆದಷ್ಟೂ ನೂಲೇ. ರೋಣದ ಗುಡಿಗಳ ಚೀಟಿಗೆ ಮುಟ್ಟುವ ಹೊತ್ತಿಗೆ ಮಕ್ಕಳ ಗದ್ದಲ ತಾನಾಗಿ ನಿಂತಿತ್ತು. ಒಂದು ಹುಡುಗಿ ತಿರುಗಿ ತಾನು ಹುಟ್ಟಿದ ಮೊಳವನ್ನು ಹುಡುಕಿದಳು. ಅದು ದೂರದಲ್ಲಿ ಕೈಬೆರಳಷ್ಟು ಕಾಣುತ್ತಿತ್ತು.

“ಮತ್ತ ಆ ಗುಡ್ಡ?” ಮಾಯವ್ವ ಗಡದ ಕಡೆ ಕೈ ತೋರಿಸಿದಳು.

“ಒಂದು ಕೋಟಿ ವರ್ಷಕ್ಕ ಈ ನೂಲು ಮುಂಬೈ ಹತ್ತಿರ ಹೋಗತೈತಿ. ಗುಡ್ಡದ ಕಲ್ಲಿಗೆ ಅಂಥಾ ಎಷ್ಟೋ ಕೋಟಿ ಆಗ್ಯಾವಂತ.”

ಎಲ್ಲರೂ ದಿನವೂ ನೋಡುವ ಗುಡ್ಡವನ್ನು ಹೊಸದಾಗಿ ನೋಡಿದರು. ಆಗಲೇ ಮುದಿಯಪ್ಪನ ಬಾಗಿಲು ತೆರೆಯಿತು.

“ಅಮಾಸಿ ದಿನ ಹಾಸು ಹಾಕೀಯೇನ?”

“ಹಾಸಲ್ಲ ಬಾವಾರ, ಪಾಠ.”

“ಇದನ್ನ ನೇಯ್ತೀಯೋ ಇಲ್ಲೋ? ಅಷ್ಟ ಹೇಳು.”

“ಇದನ್ನೇನು ನೇಯೂದು? ನೇಯೂದಿಲ್ಲ.”

ಹೇಳಿದ ಕೂಡಲೇ ಆಕೆಗೆ ತಿಳಿಯಿತು. ಬಾಗಿಲುಗಳಲ್ಲಿ ನಿಂತಿದ್ದ ಹೆಂಗಸರು ಸೆರಗನ್ನು ಬಾಯಿಗೆ ಹಿಡಿದರು. ನೇಯದ ನೂಲನ್ನು ಓಣಿಗೆ ಚಾಚುವುದು ಯಾವಾಗ ಎಂದು ಅಲ್ಲಿನ ಕೂಸಿಗೂ ಗೊತ್ತಿತ್ತು.

“ಗಂಡನ ಹೆಣಕ್ಕ ಹಾಸಲಿಲ್ಲ,” ಅಂದ ಮುದಿಯಪ್ಪ ತಣ್ಣಗೆ. “ಈಗ ಓಣಿಗೆಲ್ಲಾ ಕೂಡಿ ಹಾಸಿದಿ.”

ಐದನೆಯ ದಿನ ಎದುರು ಮನೆಯ ಶಿವಬಸವ್ವನ ಹಾಸು ಗಾಳಿಗೆ ಸಿಕ್ಕು ಹರಿಯಿತು. ಹೊತ್ತಲ್ಲದ ಹೊತ್ತಿನಲ್ಲಿ ಬೀಸಿದ ಗಾಳಿ, ಒಂದೇ ಏಟಿಗೆ ಇನ್ನೂರು ಎಳೆ. ಓಣಿಯಲ್ಲೆಲ್ಲ ಶಿವಬಸವ್ವನಷ್ಟು ನಯವಾಗಿ ಗಂಜಿ ಹಚ್ಚುವ ಕೈ ಇನ್ನೊಂದಿರಲಿಲ್ಲ. ಅವಳಷ್ಟು ಬಯ್ಯುವ ಬಾಯಿಯೂ ಇರಲಿಲ್ಲ. ಅವಳ ಗಂಡ ಹುಚ್ಚಪ್ಪ ಆ ಬಾಯಿಗೆ ಹೆದರಿ ಹೆದರಿ ಮಾತಾಡುವುದನ್ನೇ ಬಿಟ್ಟಿದ್ದ. ಅವಳು ಹರಿದ ಎಳೆಗಳನ್ನು ಮುಷ್ಟಿಯಲ್ಲಿ ಹಿಡಿದು ಕಳಕವ್ವನ ಬಾಗಿಲಿಗೆ ಬಂದಳು.

“ಬಾರಽ ಹೊರಗ, ಮಾಸ್ತರತಿ! ನೋಡು ಬಾ ನಿನ್ನ ಪಾಠ! ಇಪ್ಪತ್ತು ವರ್ಷದಾಗ ನನ್ನ ಕೈಯಾಗ ಹತ್ತು ಎಳಿ ಹರಿದಿದ್ದಿಲ್ಲ.”

“ಗಾಳಿ ಹರೀತು. ನನಗ್ಯಾಕ ಬೈತಿ?”

“ಗಾಳಿ ಕರದಾಕಿ ನೀನು! ಸಾವಿನ ನೂಲು ಹಾಸಿದಾಕಿ ನೀನು! ಆ ಪುಸ್ತಕ ಓದಿ ಓದಿ ನಿನ್ನ ತಲ್ಯಾಗ ಹುಳಾ ಬಿದ್ದಾವು!”

“ನಿನ್ನ ತಲ್ಯಾಗ ಬೀಳಾಕ ಏನೂ ಇಲ್ಲಲ್ಲ, ಸುಖಾ ಇರು.”

ಆ ದಿನ ಸಂಜೆಯೇ ಮುದಿಯಪ್ಪನ ಕಟ್ಟೆಯ ಮೇಲೆ ಓಣಿ ಕೂಡಿತು. ಕಳಕವ್ವನನ್ನು ಕರೆದರು. ತೀರ್ಮಾನವನ್ನು ಮುದಿಯಪ್ಪ ಹೇಳಿದ. ಆ ನೂಲನ್ನು ಎಲ್ಲರ ಮುಂದೆ ಸುಡಬೇಕು. ಚಾವಡಿಯ ಶಾಲೆ ಬಿಡಬೇಕು. ಅಲ್ಲಿಯವರೆಗೆ ಕಳಕವ್ವನ ಹಾಸಿನ ಕೆಲಸಕ್ಕೆ ಓಣಿಯ ಯಾವ ಕೈಯೂ ಇಲ್ಲ.

“ನೂಲು ಸುಡ್ತೀನಿ,” ಅಂದಳು ಕಳಕವ್ವ. “ನಿಮಗ ಅಂಜಿಕಿ ಆಗಿದ್ರ ಸುಡ್ತೀನಿ. ಸಾಲಿ ಬಿಡೂದಿಲ್ಲ.”

“ಹಂಗಾದ್ರ ಒಬ್ಬಾಕಿನ ಹಾಸ್ಕೊ. ನಿನ್ನ ಪುಸ್ತಕಕ್ಕ ಕೈ ಅದಾವೇನು ನೋಡು.”

ಅವತ್ತೇ ನೂಲನ್ನು ಒಲೆಗೆ ಹಾಕಿದಳು. ಸಾವಿರ ವರ್ಷ ಒಂದು ರೊಟ್ಟಿ ಬೇಯುವಷ್ಟೂ ಉರಿಯಲಿಲ್ಲ.

ಆಕೆಯ ಹೊಸ ಹಾಸು ಮಡಿಕೆಯಾಗಿ ಮೂಲೆಯಲ್ಲಿತ್ತು. ನೂಲು ಕೊಟ್ಟದ್ದು ನೇಕಾರರ ಸಂಘ. ಯುಗಾದಿಯೊಳಗೆ ಸೀರೆ ಮುಟ್ಟಿಸದಿದ್ದರೆ ಆಕೆಯ ಪಾಲಿನ ನೂಲು ಬೇರೆ ಮಗ್ಗಕ್ಕೆ ಹೋಗುತ್ತಿತ್ತು. ಆಮೇಲೆ ಗೋಡೆಯ ಆಚೆ ಬದಿಗೆ ಹೋಗಿ ಮುದಿಯಪ್ಪನ ಮಗ್ಗಕ್ಕೆ ಕಂಡಿಕೆ ಸುತ್ತುವುದೊಂದೇ ಉಳಿಯುವ ದಾರಿ. ಅದಕ್ಕಾಗಿ ಅವನು ಹನ್ನೆರಡು ವರ್ಷದಿಂದ ಕಾದಿದ್ದಾನೆಂದು ಆಕೆಗೆ ಗೊತ್ತಿತ್ತು.

ಒಂದು ವಾರ ಮನೆಮನೆಗೆ ಹೋದಳು. ಬೇಡಲಿಲ್ಲ, ಯಾರ ಹಾಸಿನ ಕೆಲಸಕ್ಕೆ ತಾನು ಎಷ್ಟು ಸಲ ಕೋಲು ಹಿಡಿದಿದ್ದಳೋ ನೆನಪಿಸಿದಳು. ಒಬ್ಬರು ಸೊಂಟ ನೋವೆಂದರು. ಇನ್ನೊಬ್ಬರು ಬಾಗಿಲು ತೆರೆಯಲೇ ಇಲ್ಲ. ಬಾವಿಗೆ ಹೋದರೆ ಹೆಂಗಸರು ಕೊಡ ಎತ್ತಿಕೊಂಡು ಸರಿಯುತ್ತಿದ್ದರು. ಯಾರೋ ಆಕೆಯ ಬಾಗಿಲ ಮುಂದೆ ಹರಿದ ಎಳೆಗಳ ಗಂಟು ಎಸೆದು ಹೋಗಿದ್ದರು. ಆಕೆ ಅದನ್ನು ಬಿಡಿಸಿ, ನೆಟ್ಟಗಿನ ಎಳೆಗಳನ್ನು ಆರಿಸಿ ಇಟ್ಟುಕೊಂಡಳು.

ಮಜೀದರು ಬಸ್ಸಿಳಿದು ಬಂದವರು ವಿಷಯ ಕೇಳಿ ಕೊಡೆ ಮಡಿಸುವುದನ್ನೇ ಮರೆತರು.

“ಅವ್ವಾರ, ಸ್ವಲ್ಪ ದಿನ ಸಾಲಿ ನಿಲ್ಲಸ್ರಿ. ನಾ ಬ್ಯಾರೆ ಯಾರನ್ನರ ನೋಡ್ತೀನಿ. ಹೊಟ್ಟಿ ಮುಖ್ಯ ಅಲ್ಲೇನ್ರಿ?”

“ಹೊಟ್ಟಿ ನಂದೈತ್ರಿ, ಅದರ ಚಿಂತಿ ನಿಮಗ್ಯಾಕ? ಶನಿವಾರ ಗುಡ್ಡದ ಪಾಠ ಐತಿ, ನಿಮ್ಮ ಕೊಡೆ ತಗೊಂಡು ಬರ್ರಿ. ಮಕ್ಕಳಿಗೆ ಬಿಸಲಾಗತೈತಿ.”

ಮಜೀದರು ಕೊಡೆ ಮಡಿಸಿದರು. ಸರಕಾರದ ಯಾವ ಕಾಗದದಲ್ಲೂ ಇಂಥ ಉತ್ತರಕ್ಕೆ ಜಾಗವಿರಲಿಲ್ಲ.

ಶನಿವಾರ ಗುಡ್ಡ ಹತ್ತಿದರು. ನಿಸರ್ಗದ ಪಾಠವನ್ನು ಕಳಕವ್ವ ಹಾಲಸಿದ್ದಪ್ಪನಿಗೆ ಬಿಟ್ಟಿದ್ದಳು. ಆಕೆಗೆ ಪುಸ್ತಕದ ಗಿಡ ಗೊತ್ತಿತ್ತು, ಅವನಿಗೆ ಗುಡ್ಡದ ಗಿಡ ಗೊತ್ತಿತ್ತು. ಅವನು ಕಾರಿಯ ಮುಳ್ಳುಕಂಟಿಯ ಬುಡದಲ್ಲಿ ಕೌಜುಗ ಹಕ್ಕಿ ಮಣ್ಣಿನಲ್ಲಿ ಹೊರಳಾಡಿದ ಗುಳಿ ತೋರಿಸಿದ. ಹುಲ್ಲಿನ ಒಂದು ಕಡ್ಡಿ ಕಿತ್ತು, ಇದನ್ನು ಕುರಿ ಮಳೆಗಾಲದಲ್ಲಿ ಮಾತ್ರ ಮೇಯುತ್ತದೆ, ಈಗ ಬಾಯಿಗೆ ಚುಚ್ಚುತ್ತದೆ ಎಂದ. ಒಂದು ಬಂಡೆಯ ಸಂದಿಯ ಹತ್ತಿರ ಮಕ್ಕಳನ್ನು ಕೂಡಿಸಿ ದನಿ ತಗ್ಗಿಸಿದ.

“ಇದು ತೋಳನ ಮನಿ. ಈಗ ಇಲ್ಲ. ಮನ್ಯಾಗ ಇದ್ದಾಗ ನಾನೂ ಬರೂದಿಲ್ಲ.”

“ತೋಳ ಕೆಟ್ಟದ್ದೇನ್ರಿ?” ಒಂದು ಮಗು ಕೇಳಿತು.

“ಅದಕ್ಕ ಹಸಿವಿ ಆಗತೈತಿ. ನಂಗ ಕುರಿ ಅದಾವು. ನಾವಿಬ್ರೂ ಒಬ್ಬರಿಗೊಬ್ಬರು ಕೆಟ್ಟವರಽ. ಆದ್ರ ಗುಡ್ಡ ಇಬ್ಬರದೂ ಹೌದು.”

ಇಳಿಯುವಾಗ ಅವನು ಕಳಕವ್ವನ ಪಕ್ಕಕ್ಕೆ ಬಂದ. “ಅಕ್ಕಾರ, ಓಣ್ಯಾಗ ನಿಮ್ಮ ಮಗ್ಗದ ಸಪ್ಪಳಾ ಇಲ್ಲಲ್ಲ?”

ಆಕೆ ಹೇಳಿದಳು. ಹಾಲಸಿದ್ದಪ್ಪ ನಡೆಯುತ್ತಲೇ ಕೇಳಿದ.

“ಎಂಟು ಕೈ ಬೇಕು, ಅಷ್ಟ ಹೌದಲ್ಲ? ನಮ್ಮ ಮನ್ಯಾಗ ಕಂಬಳಿ ನೇಯ್ತಾರ. ಕಂಬಳಿ ಹಾಸಿನ ಎಳಿಗೆ ಹುಣಸಿಬೀಜದ ಗಂಜಿ ನಾವೂ ಹಚ್ಚೀವಿ. ಮಾಯವ್ವನ ಅಣ್ಣತಮ್ಮರನ್ನ ಕರ್ಕೊಂಡು ಸೋಮವಾರ ಬರ್ತೀನಿ.”

“ಉಣ್ಣಿ ಬ್ಯಾರೆ, ಹತ್ತಿ ಬ್ಯಾರೆ ತಮ್ಮಾ.”

“ಎರಡೂ ನೂಲ ಹೌದಲ್ಲ? ಕುರಿ ಮೈಮ್ಯಾಲೆ ಬೆಳದ್ರೇನು, ಹೊಲದಾಗ ಬೆಳದ್ರೇನು.”

ಬೇರೆ ದಾರಿಯೂ ಇರಲಿಲ್ಲ.

ಸೋಮವಾರ ಬೆಳ್ಳಿ ಮೂಡುವಾಗ ಅವರು ಬಂದರು. ಹಾಲಸಿದ್ದಪ್ಪ, ಮಾಯವ್ವ, ಅವಳ ನಾಲ್ವರು ಅಣ್ಣತಮ್ಮಂದಿರು, ಅವರಲ್ಲಿಬ್ಬರ ಹೆಂಡಂದಿರು. ನೇಕಾರರ ಓಣಿಯಲ್ಲಿ ಕುರುಬರು ಹಾಸು ಹಿಡಿಯುವುದನ್ನು ಯಾರೂ ಕಂಡಿರಲಿಲ್ಲ. ಒಂದೊಂದೇ ಬಾಗಿಲು ತೆರೆಯಿತು. ಕಟ್ಟೆಗಳ ಮೇಲೆ ಓಣಿಯೆಲ್ಲ ಬಂದು ಕುಳಿತಿತು. ಯಾರೂ ತಡೆಯಲಿಲ್ಲ. ತಡೆಯುವ ಅಗತ್ಯವಿಲ್ಲವೆಂದು ಅವರಿಗೆ ತಿಳಿದಿತ್ತು.

“ಕುರಿ ಕಟ್ಟಾಕ ಬಂದೀರೇನೋ?” ಒಬ್ಬ ಕೂಗಿದ.

“ಹೌದ್ರಿ, ಕಟ್ಟಿ ಮ್ಯಾಲೆ ಸಾಲಾಗಿ ಕುಂತಾವಲ್ಲ, ಅವನ್ನ,” ಅಂದಳು ಮಾಯವ್ವ.

ಕಳಕವ್ವ ಜೋಳದ ಗಂಜಿಯನ್ನು ತಾನೇ ಕಾಸಿ ಸೋಸಿ ಇಟ್ಟಿದ್ದಳು. ಹಾಸು ಬಿಚ್ಚಿದರು, ಬಿಗಿದರು. ಮೊದಲ ಹತ್ತು ಗಜ ಸರಿಯಾಗಿಯೇ ಹೋಯಿತು. ಆಕೆ ಒಂದು ತುದಿ ಬಿಡುವಂತಿರಲಿಲ್ಲ, ಬಿಗಿ ಆಕೆಯ ಕೈಯಲ್ಲಿತ್ತು. ಕುಂಚಗಳು ಹಾಲಸಿದ್ದಪ್ಪನ ಕೈಯಲ್ಲೂ ಅವನ ಹಿರಿಯ ಭಾವಮೈದುನನ ಕೈಯಲ್ಲೂ ಇದ್ದವು. ಕಂಬಳಿಯ ಹಾಸಿನ ಮೇಲೆ ಅವರು ಕುಂಚವನ್ನು ಹಿಂದಕ್ಕೂ ಮುಂದಕ್ಕೂ ಉಜ್ಜುತ್ತಿದ್ದರು. ಹತ್ತಿಯನ್ನು ಒಂದೇ ದಿಕ್ಕಿಗೆ ಸವರಬೇಕು ಎಂದು ಆಕೆ ಹತ್ತು ಸಲ ಹೇಳಿದ್ದಳು. ಅವರಿಗೂ ತಿಳಿದಿತ್ತು. ಆದರೆ ಕೈಗೆ ಮೂವತ್ತು ವರ್ಷದ ಉಣ್ಣೆಯ ಅಭ್ಯಾಸ. ಬೇಗ ಮುಗಿಸಬೇಕೆಂಬ ಅವಸರ ಬಂದ ಕೂಡಲೇ ಕುಂಚ ಹಿಂದಕ್ಕೆ ಎಳೆಯಿತು.

ಎಳೆಗಳು ನವಿರೆದ್ದವು. ನವಿರು ನವಿರಿಗೆ ಅಂಟಿತು. ಅದೇ ಹೊತ್ತಿಗೆ ಗುಡ್ಡದ ಕಡೆಯಿಂದ ಗಾಳಿ ಎದ್ದಿತು.

“ಒಂದ ಕಡೆ! ಒಂದ ಕಡೆ ಎಳೀರಿ!” ಕಳಕವ್ವ ತುದಿಯಿಂದ ಕೂಗಿದಳು. ಕಟ್ಟೆಗಳ ಮೇಲೆ ನಗು ಹಬ್ಬಿತು. ನಾಲ್ಕು ಎಳೆ ಹರಿದವು, ಆಮೇಲೆ ಹನ್ನೆರಡು. ಹಾಲಸಿದ್ದಪ್ಪ ಕುಂಚ ಎತ್ತಿ, ಏನು ಮಾಡಬೇಕೆಂದು ತಿಳಿಯದೆ ನಿಂತುಬಿಟ್ಟ. ನಿಂತ ಕಡೆ ಗಂಜಿ ಒಣಗತೊಡಗಿತು. ಎಳೆಗಳು ಒಂದಕ್ಕೊಂದು ಅಂಟಿ ಹಗ್ಗದಂತಾದವು.

“ಆತು,” ಅಂದ ಮುದಿಯಪ್ಪ ಕಟ್ಟೆಯ ಮೇಲಿಂದ. “ನಡೀರಿ ಒಳಗ.”

ಯಾರೂ ಏಳುವ ಮುಂಚೆ ಎದುರಿನ ಕಟ್ಟೆಯಿಂದ ಶಿವಬಸವ್ವ ಧುಮುಕಿದಳು.

“ನಿನ್ನ ಕೈಗೆ ಹಾವು ಕಡೀಲಿ! ಅದೇನು ನಿನ್ನ ಕುರಿ ಬೆನ್ನು ಅನ್ಕೊಂಡಿಯೇನೋ? ಕೊಡು ಇಲ್ಲಿ!”

ಹಾಲಸಿದ್ದಪ್ಪನನ್ನು ಭುಜದಿಂದ ದಬ್ಬಿ ಕುಂಚ ಕಸಿದುಕೊಂಡಳು. “ಏ ನೀನು, ನೀರು ಚಿಮುಕ್ಸು. ಚಿಮುಕ್ಸು ಅಂದೆ, ಸುರೀಬ್ಯಾಡ! ಯವ್ವಾ, ಏನು ಜನಾನಪಾ ಇವರು! ಏ ಕಳಕಿ, ಬಿಗಿ ಬಿಡು! ಇನ್ನೂ ಬಿಡು! ಪುಸ್ತಕದಾಗ ಬರದಿಲ್ಲೇನು, ಅಂಟಿದ ಎಳಿ ಎಳದ್ರ ಹರೀತೈತಿ ಅಂತ?”

ಕಳಕವ್ವ ಬಿಗಿ ಬಿಟ್ಟಳು. ಶಿವಬಸವ್ವನ ಕುಂಚ ಒಂದೇ ದಿಕ್ಕಿಗೆ, ನಿದ್ದೆ ಹೋಗುವ ಮಗುವಿನ ತಲೆ ಸವರುವಂತೆ ಹೋಯಿತು. ಬಾಯಿ ಮಾತ್ರ ನಿಲ್ಲಲಿಲ್ಲ. ಕಳಕವ್ವನ ತವರು, ಅಸೂಟಿಯ ಕುರಿಗಳು, ಸರಕಾರದ ಶಾಲೆ, ತನ್ನ ಗಂಡ ಹುಚ್ಚಪ್ಪ, ಯಾರನ್ನೂ ಬಿಡದೆ ಬಯ್ದಳು. ಬಯ್ಯುತ್ತ ಬಯ್ಯುತ್ತ ಅಂಟಿದ್ದನ್ನು ಬೆರಳಿನಿಂದ ಬಿಡಿಸಿದಳು, ಹರಿದದ್ದನ್ನು ಗಂಟು ಹಾಕಿದಳು.

“ಶಿವಬಸವ್ವ!” ಮುದಿಯಪ್ಪನ ದನಿ ಓಣಿಯಲ್ಲಿ ಸುಳಿಯಿತು. “ಓಣಿ ಮಾತು ಮರತೀಯೇನು?”

“ಮರತಿಲ್ಲರಿ. ಆದ್ರ ಇದು ನೂಲುರೀ. ಕಣ್ಣ ಮುಂದ ಇದು ಹಿಂಗ ಸಾಯೂದು ನೋಡ್ಕೊಂತ ಹ್ಯಾಂಗ ಕುಂಡ್ರಲಿ? ನೀವು ಕುಂಡ್ರರಿ. ನಿಮಗ ಆಗತೈತಿ.”

ಎಲ್ಲವೂ ಉಳಿಯಲಿಲ್ಲ. ಬಿಸಿಲೇರುವ ಹೊತ್ತಿಗೆ ಎರಡು ಸೀರೆಯಷ್ಟು ಹಾಸು ನೆಟ್ಟಗೆ, ಹೊಳೆಯುತ್ತ ನಿಂತಿತ್ತು. ಉಳಿದ ಎರಡು ಸೀರೆಯಷ್ಟು ಹುರಿಯಾಗಿತ್ತು. ಕಳಕವ್ವ ಕತ್ತರಿ ತಂದು ಆ ಭಾಗವನ್ನು ಕೊಯ್ದಳು. ಗಂಡನ ಹಾಸನ್ನು ಕೊಯ್ಯಗೊಡದ ಹೆಂಗಸು ಈಗ ತನ್ನ ಹಾಸಿನ ಅರ್ಧವನ್ನು ತಾನೇ ಕೊಯ್ದು ಬದಿಗಿಟ್ಟಳು. ಅವಳ ಕಣ್ಣುಗಳನ್ನು ನೋಡಬಾರದೆಂದು ಮಾಯವ್ವ ಬೇರೆ ಕಡೆ ತಿರುಗಿದಳು.

ಶಿವಬಸವ್ವ ಕುಂಚ ತೊಳೆದು ಕಟ್ಟೆಯ ಮೇಲಿಟ್ಟಳು.

“ಶಿವಬಸವ್ವ...” ಕಳಕವ್ವ ಬಾಯಿ ತೆರೆದಳು.

“ನನ್ನ ಹೆಸರು ಕರೀಬ್ಯಾಡ. ನಿನ್ನ ಸಂಬಂಧ ಬಂದಿಲ್ಲ ನಾ. ನನ್ನ ಇನ್ನೂರು ಎಳಿ ಇನ್ನೂ ನಿನ್ನ ತಲಿಮ್ಯಾಲ ಅದಾವು.”

ಯುಗಾದಿಯ ಮುಂಚೆ ಕಳಕವ್ವ ಎರಡು ಸೀರೆ ಸಂಘಕ್ಕೆ ಮುಟ್ಟಿಸಿದಳು. ಆಕೆಯ ಪಾಲಿನ ನೂಲು ಅರ್ಧಕ್ಕೆ ಇಳಿಯಿತು. ಮಗ್ಗ ನಿಲ್ಲಲಿಲ್ಲ. ಗೋಡೆಯ ಆಚೆಯಿಂದ ಮುದಿಯಪ್ಪ ಆ ಸಪ್ಪಳವನ್ನು ಕೇಳಿಸಿಕೊಂಡ. ಕಟ್ಟೆಯ ಮೇಲೆ ಮತ್ತೆ ಓಣಿ ಕೂಡಿಸಿದ. ಈ ಸಲ ಶಿವಬಸವ್ವನ ಮನೆಗೂ ಮುಯ್ಯಿ ಇಲ್ಲವೆಂದು ಹೇಳಿದ. ಓಣಿ ಹೌದೆಂದು ತಲೆ ಅಲ್ಲಾಡಿಸಿತು. ಹುಚ್ಚಪ್ಪ ಮಾತ್ರ ಬಹಳ ವರ್ಷಗಳ ಮೇಲೆ ಒಂದು ಮಾತಾಡಿದ: “ನಾ ಮೊದಲಽ ಹೇಳಿದ್ದೆ.” ಏನು ಹೇಳಿದ್ದ, ಯಾರಿಗೆ ಹೇಳಿದ್ದ ಎಂದು ಯಾರೂ ಕೇಳಲಿಲ್ಲ.

ಚೈತ್ರದ ಒಂದು ಬೆಳಗ್ಗೆ ಶಿವಬಸವ್ವ ತನ್ನ ಹಾಸನ್ನು ಓಣಿಗೆ ತಂದು ನಡುವೆ ನಿಂತು ಮುಗಿಲಿಗೆ ಕೂಗಿದಳು. “ಈ ಓಣ್ಯಾಗ ಕೈ ಇದ್ದವರು ಯಾರರ ಅದಾರೇನು? ಇಲ್ಲಾ ಎಲ್ಲಾರೂ ಕೈ ಕಳಕೊಂಡು ಕುಂತಾರೋ?”

ಬಾಗಿಲುಗಳು ತೆರೆಯಲಿಲ್ಲ. ಕಳಕವ್ವನ ಬಾಗಿಲು ತೆರೆಯಿತು. ಅವತ್ತು ಕೋಟೆಯ ಪಾಠವಿತ್ತು. ಮಕ್ಕಳು ಆಗಲೇ ಓಣಿಯ ತುದಿಗೆ ಬಂದು ನಿಂತಿದ್ದರು. ಹಾಲಸಿದ್ದಪ್ಪನೂ ಮಾಯವ್ವನೂ ಅವಳ ಅಣ್ಣತಮ್ಮಂದಿರೂ ಪಾಠಕ್ಕೆಂದೇ ಬಂದಿದ್ದರು. ಕಳಕವ್ವ ದೊಡ್ಡವರಿಗೆಲ್ಲ ಬರಲು ಕೈ ಮಾಡಿ, ಕಟ್ಟೆಯ ಮೇಲೆ ಕುಳಿತಿರಲು ಮಕ್ಕಳಿಗೆ ಹೇಳಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂದಳು.

“ಇವರ ಕೈಗೆ ಕುಂಚ ಕೊಡಬ್ಯಾಡ,” ಅಂದಳು ಶಿವಬಸವ್ವ, ಅವಳ ಮುಖ ನೋಡದೆ.

“ಕೋಲು ಹಿಡೀತಾರ. ಕುಂಚ ನೀ ಹಿಡಿ, ಬಿಗಿ ನಾ ಹಿಡೀತೀನಿ.”

“ಹಿಡಿ ಮತ್ತ. ಸತ್ತವರಂಗ ನಿಂತ್ರ ಗಾಳಿ ಕಾಯೂದಿಲ್ಲ.”

“ನಿನ್ನ ಬಾಯಿ ಮೊದಲ ಬಿಗಿ ಹಿಡಿ. ಗಾಳಿ ಬರೂದು ಅದರಿಂದಽ.”

“ನೋಡಿದಿಲ್ಲೋ ಮಾಯವ್ವ? ಇಂಥಾಕಿ ನಿಮಗ ಪಾಠಾ ಹೇಳ್ತಾಳ!”

ಕಟ್ಟೆಯ ಮೇಲೆ ಕುಳಿತ ಮಕ್ಕಳು ಕಾಲು ಜೋಲುಬಿಟ್ಟು ಕಾದರು. ಹಾಸು ಮುಗಿಯುವವರೆಗೂ ಬೈಗುಳ ನಿಲ್ಲಲಿಲ್ಲ. ಅವತ್ತು ಕೋಟೆಯ ಪಾಠ ಶುರುವಾಗುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು.